ಒಬ್ಬೊಬ್ಬರದು ಒಂದೊಂದು ಕೈ

ಕಣ್ಣು ತೋರಿಸಲು ಬಂದವರು ಕಣ್ಣು ಮುಚ್ಚಿಕೊಂಡು ಕೂತರೆ ನೋಡುವವರು ಏನು ಮಾಡಬೇಕು, ನೀವೇ ಹೇಳಿ.

ವಿಜಯಪುರದ ಗಾಂಧಿ ಚೌಕದಿಂದ ಸ್ವಲ್ಪ ಒಳಗೆ ಯಾಸೀನ ಚಾಚಾನ ಚಷ್ಮಾದಂಗಡಿ. ಅದರ ಹಿಂದಿನ ಮಬ್ಬು ಕೋಣೆಯಲ್ಲಿ, ಎತ್ತರದ ಸ್ಟೂಲಿನ ಮೇಲೆ ಭೀಮಾಶಂಕರ ಕೂತಿದ್ದ. ಮೂಗಿನ ಮೇಲೆ ತಪಾಸಣೆಯ ದಪ್ಪ ಫ್ರೇಮು. ಗೀತಾಂಜಲಿ ಎದುರಿಗೆ ನಿಂತು ಒಂದು ಗಾಜು ತೆಗೆದು ಇನ್ನೊಂದು ಹಾಕುತ್ತಿದ್ದಳು. ಬೆರಳು ಅವನ ಕೆನ್ನೆಗೆ ತಾಗಬಾರದೆಂದು ಉಸಿರು ಬಿಗಿ ಹಿಡಿಯುತ್ತಿದ್ದಳು, ಆದರೂ ತಾಗುತ್ತಿತ್ತು. ಬೆಳಗಿನಿಂದ ಸಂಜೆಯವರೆಗೆ ಊರ ಮಂದಿಯ ಕೆನ್ನೆಗೆಲ್ಲ ತಾಗುವ ಬೆರಳೇ ಅದು. ಇವನ ಕೆನ್ನೆ ಮಾತ್ರ ಬೇರೆ.

"ಕಣ್ಣ ತಗೀರಿ ಮಾಮಾ. ಅಕ್ಷರ ನೋಡ್ರಿ. ಮೊದಲಿಂದು ಚಲೋ ಕಾಣ್ತಿತ್ತೋ, ಈಗಿಂದು ಚಲೋ ಕಾಣ್ತೈತೋ?"

ಕೇಳಿದ ಮೇಲೆ ತುಟಿ ಕಚ್ಚಿಕೊಂಡಳು. ಎಲ್ಲರಿಗೂ ಕೇಳುವ ಮಾಮೂಲಿ ಪ್ರಶ್ನೆಯೇ. ಆದರೆ ಇವನಿಗೆ ಕೇಳಬಾರದಿತ್ತು. ಇವನ ಮೊದಲಿನವಳು ಗೀತಾಳ ಸ್ವಂತ ಅಕ್ಕ ಮಾಳವ್ವ. ಮದುವೆಯಾಗಿ ಎರಡನೇ ಮಳೆಗಾಲಕ್ಕೆ ಜ್ವರ ಬಂದು ಹೋಗಿಬಿಟ್ಟಳು. ಈಗ ಹಿರಿಯರೆಲ್ಲ ಸೇರಿ, ಸಂಬಂಧ ಹರಿಯಬಾರದು, ತಂಗಿಯನ್ನೇ ಕೊಟ್ಟುಬಿಡೋಣ ಎಂದು ಮಾತಾಡುತ್ತಿದ್ದಾರೆ. ಆ ಕಡೆಯ ಊರುಗಳಲ್ಲಿ ಇದೇನೂ ಹೊಸದಲ್ಲ.

ಭೀಮಾಶಂಕರ ಕಣ್ಣು ತೆರೆಯದೆಯೇ ಹೇಳಿದ. "ಎರಡೂ ಒಂದ ಥರಾ ಕಾಣ್ತಾವ."

ಅಯ್ಯೋ, ಹಾಗೆ ಹೇಳಬಾರದಿತ್ತು ಪುಣ್ಯಾತ್ಮ. ಆ ಮಾತು ಗೀತಾಳ ಎದೆಯಲ್ಲಿ ಎಲ್ಲಿ ಹೋಗಿ ನಾಟಿತೆಂದು ಅವನಿಗೆ ಗೊತ್ತೇ ಇಲ್ಲ.

"ನನ್ನ ಕಣ್ಣಿಗೆ ಏನೂ ಆಗಿಲ್ಲ ಗೀತಾ," ಎಂದು ಫ್ರೇಮು ತೆಗೆದು ಅವಳ ಅಂಗೈ ಮೇಲಿಟ್ಟ. "ನಿನ್ನ ಕೂಡ ಒಂದ ಮಾತು ಆಡಬೇಕಾಗಿತ್ತು. ಸೋಮವಾರ ನಮ್ಮ ಹಿರ್ಯಾರು ಜೈನಾಪುರಕ್ಕ ಬರ್ತಾರ. ಮಾತು ಮುಗಸೂನು ಅನ್ನಾಕತ್ತಾರ. ನೀ ಒಲ್ಲೆ ಅನ್ನು."

"ನಾ ಅನ್ನಬೇಕೇನ್ರಿ?"

"ಹೂಂ. ನಾ ಅಂದ್ರ ನಿಮ್ಮ ಅವ್ವ ಎದಿ ಒಡ್ಕೊಂತಾಳ. ಅಳಿಯಾ ಕೈಬಿಟ್ಟ ಅಂತಾಳ. ನಿನ್ನ ಬಾಯಿಲೆ ಬಂದ್ರ, ಹೋಗ್ಲಿ ಹುಡುಗಿ ಮನಸ್ಸು ಅಂತ ಸುಮ್ಮನಾಗ್ತಾಳ."

"ನಿಮಗ ಬ್ಯಾಡಾದದ್ದನ್ನ ನನ್ನ ಬಾಯಿಲೆ ಯಾಕ ಹೇಳಸ್ತೀರಿ?"

ಅವನು ಒಮ್ಮೆ ಅವಳ ಮುಖ ನೋಡಿದ, ತಕ್ಷಣ ಗೋಡೆಯ ಅಕ್ಷರಗಳನ್ನು ನೋಡಿದ. ಆಮೇಲೆ ಎದ್ದು ಹೊರಟುಹೋದ.

ಹೊರಗೆ ಗಲ್ಲೆಯ ಮೇಲೆ ಕೂತಿದ್ದ ಯಾಸೀನ ಚಾಚಾ, "ಏನಪಾ, ನಂಬರ ಬಂತೇನು?" ಎಂದು ಕೇಳಿದ್ದೂ ಅವನಿಗೆ ಕೇಳಿಸಲಿಲ್ಲ. ಗಾಜಿನ ಬಾಗಿಲಿಗೆ ಹಣೆ ಬಡಿದುಕೊಂಡು, ಸವರಿಕೊಂಡು, ಬೀದಿಗಿಳಿದ.

ಗೀತಾಳ ಜೊತೆ ಕೆಲಸ ಮಾಡುವ ರುಕ್ಸಾರ ಫ್ರೇಮು ಒರೆಸುತ್ತಲೇ ಅಂದಳು. "ಕಣ್ಣು ಖರೇನ ಹಾಳಾಗ್ಯಾವ ನಿಮ್ಮ ಮಾಮಾಂದು. ಇಷ್ಟ ದೊಡ್ಡ ಬಾಗಲಾ ಕಾಣವಲ್ದು." ಗೀತಾಳ ಮುಖ ನೋಡಿದವಳೇ ನಗು ನುಂಗಿಕೊಂಡು, ನೀರಿನ ಬಾಟಲಿ ಅವಳ ಕೈಗಿತ್ತಳು. "ಏನಾತು ಲೇ?"

"ಏನಿಲ್ಲ. ಅಂವಗ ನಾ ಬ್ಯಾಡಂತ," ಎಂದಳು ಗೀತಾ. ಹೇಳಿದ ಮೇಲೆ ಅಳು ಬಂತು.

* * *

ಇದೆಲ್ಲ ಶುರುವಾದದ್ದು ಒಂದು ಲಂಗದ ಲಾಡಿಯಿಂದ ಅಂದರೆ ನಗಬೇಡಿ.

ಅಕ್ಕತಂಗಿಯರು ಚಿಕ್ಕವರಿದ್ದಾಗ ಮಾಳವ್ವ ತನ್ನದೇ ಲಂಗದ ಲಾಡಿ ಕತ್ತರಿಸಿ, ತುದಿಗಳನ್ನು ಗಂಟು ಹಾಕಿ ದಾರದಾಟಕ್ಕೆ ಇಟ್ಟುಕೊಂಡಿದ್ದಳು. ಅವ್ವ ಬೋರವ್ವನಿಂದ ಬೆನ್ನಿಗೆರಡು ಬಿದ್ದವು, ಲಾಡಿ ಮಾತ್ರ ಉಳಿಯಿತು. ಒಬ್ಬಳ ಎರಡು ಕೈಗೆ ದಾರ ಸುತ್ತಿ ಬೆರಳಲ್ಲಿ ಎತ್ತಿದರೆ ತೊಟ್ಟಿಲು. ಇನ್ನೊಬ್ಬಳು ಎಳೆ ಕೂಡುವಲ್ಲಿ ಚಿವುಟಿ ಹಿಡಿದು, ಸುತ್ತು ತಂದು, ತನ್ನ ಕೈಗೆ ತಗೊಂಡರೆ ಹೊರಸು, ಅಂದರೆ ಹಗ್ಗದ ಮಂಚ. ಮತ್ತೆ ಇವಳು ತಗೊಂಡರೆ ರೈಲಿನ ಹಳಿ. ಅಲ್ಲಿಂದ ಕಿರುಬೆರಳಲ್ಲಿ ಎಳೆ ಅಡ್ಡಹಾಯಿಸಿ ತಗೊಂಡರೆ ದನದ ಗೋದಲಿ. ಹೀಗೆ ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಗುತ್ತಲೇ ಇರಬೇಕು. ಯಾರ ಕೈಯಲ್ಲಿ ಗಂಟಾಯಿತೋ ಅವರು ಸೋತರು.

ಗೀತಾ ಎಡಚಿ. ಎಡಗೈಯಿಂದಲೇ ಎಳೆ ಎತ್ತಲು ಹೋಗುತ್ತಿದ್ದಳು. "ಎಡಗೈ ಮುಂದ ಮಾಡಬ್ಯಾಡ, ಎಲ್ಲಾ ತಿರವಾ ಮುರವಾ ಆಗ್ತೈತಿ," ಎಂದು ಅಕ್ಕ ಕೈ ಮೇಲೆ ಹೊಡೆದು ಹೊಡೆದು ಬಲಗೈ ಮಾಡಿಸಿದಳು. ಬರೆಯುವುದು ಎಡಗೈ, ಉಣ್ಣುವುದು ಬಲಗೈ, ದಾರದಾಟವೂ ಬಲಗೈ ಎಂದಾಯಿತು.

ಅಕ್ಕ ಹೋದ ಮೇಲೂ ಭೀಮಾಶಂಕರ ಅತ್ತೆ ಮನೆಗೆ ಬರುವುದು ನಿಲ್ಲಿಸಲಿಲ್ಲ. ಕಳ್ಳಕವಟಗಿಯಲ್ಲಿ ಅವನದು ದ್ರಾಕ್ಷಿ ತೋಟ, ಒಣದ್ರಾಕ್ಷಿಯ, ಆ ಕಡೆಯ ಮಾತಿನಲ್ಲಿ ಮಣೂಕದ, ಶೆಡ್ಡು. ವಿಜಯಪುರದ ಮಾರ್ಕೆಟ್ಟಿಗೆ ಬಂದಾಗಲೆಲ್ಲ ಬಬಲೇಶ್ವರದ ಕಡೆ ಗಾಡಿ ತಿರುಗಿಸಿಕೊಂಡು ಜೈನಾಪುರಕ್ಕೆ ಬರುತ್ತಿದ್ದ. ಮಾತಿಲ್ಲ ಕತೆಯಿಲ್ಲ. ಬೋರವ್ವ ಬಡಿಸಿದ್ದನ್ನು ಉಂಡು, ಕಟ್ಟೆ ಮೇಲೆ ಕೂತು ಚಹಾ ಕುಡಿದು ಹೋಗುತ್ತಿದ್ದ.

ಒಂದು ಸಂಜೆ ಗೀತಾ ಅದೇ ಕಟ್ಟೆ ಮೇಲೆ ಆ ಹಳೇ ಲಾಡಿ ಹಿಡಿದು ಕೂತಿದ್ದಳು. ಏನೋ ನೆನಪಾಗಿ ತೊಟ್ಟಿಲು ಕಟ್ಟಿದಳು. ಕಟ್ಟಿದ ಮೇಲೆ ಗೊತ್ತಾಯಿತು, ತಗೊಳ್ಳಲು ಯಾರೂ ಇಲ್ಲ. ಎರಡೂ ಕೈ ಗಾಳಿಯಲ್ಲಿ ಹಾಗೇ ನಿಂತವು. ಕಣ್ಣೀರು ಒರೆಸಿಕೊಳ್ಳಲೂ ಕೈ ಬಿಡುವಿಲ್ಲ. ಆಗ ಭೀಮಾಶಂಕರ ಚಹಾದ ಕಪ್ಪು ಕೆಳಗಿಟ್ಟು ಬಂದು, ಎದುರಿಗೆ ಮಂಡಿಯೂರಿ, ಎಳೆ ಚಿವುಟಿ ತಗೊಂಡ. ಥೇಟ್ ಅಕ್ಕ ತಗೊಂಡ ಹಾಗೆ, ಕಿರುಬೆರಳು ಸ್ವಲ್ಪ ಮೇಲೆತ್ತಿ. ಮಾಳವ್ವನೇ ಅವನಿಗೂ ಕಲಿಸಿದ್ದಳು. ಒಳಗಿನಿಂದ ನೋಡಿದ ಬೋರವ್ವ ಸೆರಗು ಬಾಯಿಗಿಟ್ಟುಕೊಂಡು ಅಡುಗೆಮನೆಗೆ ಹೋದಳು.

ಅಂದಿನಿಂದ ಬಂದಾಗಲೆಲ್ಲ ಆಟ. ಮುಟ್ಟದೆ ಆಡಲಾಗದ ಆಟ ಅದು, ನಿಮಗೂ ಗೊತ್ತಲ್ಲ. ಒಬ್ಬರ ಬೆರಳ ಸಂದಿಗೆ ಇನ್ನೊಬ್ಬರ ಬೆರಳು ಹೋಗಲೇಬೇಕು. ಒಮ್ಮೆ ದಾರ ಗೀತಾಳ ಕೈಯಲ್ಲಿದ್ದಾಗ ಮುಂಗೂದಲು ಕಣ್ಣಿನ ಮೇಲೆ ಬಿತ್ತು. ಅವಳು ಊದಿದಳು, ಅದು ಸರಿಯಲಿಲ್ಲ. ಅವನ ಎರಡೂ ಕೈ ಖಾಲಿ ಇದ್ದವು. ಅವನು ಆ ಕೂದಲನ್ನು ನೋಡಿದ, ಅವಳ ಕಣ್ಣನ್ನು ನೋಡಿದ, ಆಮೇಲೆ ತಪ್ಪು ಮಾಡಿದವರ ಹಾಗೆ ದಾರವನ್ನೇ ನೋಡುತ್ತ ಕೂತ. ಆ ರಾತ್ರಿ ಗೀತಾಳಿಗೆ ನಿದ್ದೆ ಹತ್ತಲಿಲ್ಲ.

ಇನ್ನೊಂದು ಸಲ ಅವಳು ಹೊರಸಿನಿಂದ ಎಳೆ ತಗೊಳ್ಳುವಾಗ ಅಕ್ಕನ ಹಾಗೆ ಮಣಿಕಟ್ಟು ಚಕ್ಕನೆ ತಿರುಗಿಸಿದಳು. ಅವನ ತುಟಿಯ ಮೇಲೆ ಸಣ್ಣ ನಗು ಬಂತು. ಇವನಿಗೆ ಬೇಕಾದದ್ದು ಇದು, ಅಕ್ಕನ ಕೈ, ಅಂದುಕೊಂಡಳು ಗೀತಾ. ಆಮೇಲೆ ಬೇಕೆಂದೇ ಅಕ್ಕನ ಹಾಗೆ ಆಡತೊಡಗಿದಳು. ಮೊದಮೊದಲು ಅವನಿಗೆ ಸಮಾಧಾನವಾಗಲಿ ಎಂದು. ಆಮೇಲೆ ಅವನು ಎದುರಿಗೆ ಕೂರಲಿ ಎಂದು. ಕೊನೆಗೆ ಎಲ್ಲಿಗೆ ಬಂತೆಂದರೆ, ತನ್ನ ಕೈಗಳ ಮೇಲೆ ತನಗೇ ಹೊಟ್ಟೆಕಿಚ್ಚು. ಅವನು ಪ್ರೀತಿಯಿಂದ ನೋಡುವ ಈ ಬೆರಳು ತನ್ನವಲ್ಲ, ಸತ್ತವಳವು. ಸತ್ತವಳ ಮೇಲೆ ಹೊಟ್ಟೆಕಿಚ್ಚು ಪಡುವ ಪಾಪಿ ತಾನು ಎಂದು ಬೇರೆ ಅಳು.

ಹಾಗಿದ್ದರೂ ಒಳಗೊಂದು ಆಸೆ ಇತ್ತು. ಮದುವೆಯಾದರೆ ಎಂದಾದರೂ ಒಂದು ದಿನ ತನ್ನನ್ನೂ ನೋಡಿಯಾನು ಎಂಬ ಆಸೆ. ಚಷ್ಮಾದಂಗಡಿಯಲ್ಲಿ ಅದನ್ನೂ ಅವನೇ ಕಿತ್ತುಕೊಂಡು ಹೋದ.

* * *

ಶನಿವಾರ ಸಂಜೆ ಗೀತಾ ಕೆಲಸದಿಂದ ಮನೆಗೆ ಬರುವಷ್ಟರಲ್ಲಿ ಬೋರವ್ವ ಟ್ರಂಕು ತೆಗೆದು ಕೂತಿದ್ದಳು. ಮಡಿಲಲ್ಲಿ ಇಳಕಲ್ ಸೀರೆ, ಕೆಂಪು ಸೆರಗಿನದು. ಮಾಳವ್ವನದು.

"ಸೋಮವಾರ ಇದನ್ನ ಉಟ್ಕೊ ಗೀತಾ. ಅಕಿ ನಿಶ್ಚೇಕ ಉಟ್ಟಿದ್ಲು. ಭೀಮಾಶಂಕರಗೂ ನೋಡಿ ಸಮಾಧಾನ ಆಗ್ತೈತಿ."

"ನಾ ಉಡಂಗಿಲ್ಲ ಯವ್ವಾ."

"ಯಾಕ? ಅಕ್ಕನ ಸೀರಿ ನಿನಗ ಬ್ಯಾಡಾತು?"

ಬೋರವ್ವ ಕೆಟ್ಟವಳಲ್ಲ. ಅವಳ ಲೆಕ್ಕವೇ ಬೇರೆ. ಮಗಳು ಹೋದಳು, ಅಳಿಯನಾದರೂ ಉಳಿಯಲಿ ಎಂಬ ಲೆಕ್ಕ. "ನೀ ಒಲ್ಲೆ ಅಂದ್ರ ಅವರು ಅರಕೇರಿ ಹುಡುಗೀನ ನೋಡಿ ಇಟ್ಟಾರ. ಬ್ಯಾರೆದಾಕಿ ಬಂದ್ಲು ಅಂದ್ರ ಅಂವ ಮತ್ತ ಈ ಕಟ್ಟಿ ಹತ್ತತಾನೇನು? ಅವನ ಚಪ್ಪಲ ನಮ್ಮ ಬಾಗಲಾಗ ಇದ್ರ ನನ್ನ ಮಗಳು ಒಳಗ ಅದಾಳ ಅನಿಸ್ತೈತಿ ನನಗ," ಎನ್ನುತ್ತ ಸೀರೆಯ ಮೇಲೆಯೇ ಮುಖವಿಟ್ಟಳು.

ಕುರಿಗಳಿಗೆ ಮೇವು ಹಾಕಿ ಬಂದ ಅಪ್ಪ ಖಂಡಪ್ಪ ಬಾಗಿಲಲ್ಲೇ ನಿಂತು ಕೇಳಿಸಿಕೊಂಡ. "ಹುಡುಗಿ ಮನಸ್ಸಿಗೆ ಬಂದ್ರ ಆಗ್ಲಿ, ಇಲ್ಲಾಂದ್ರ ಬಿಡ್ಲಿ. ಕಡೀ ಮಾತ ನಿಂದ ಮಗಳ," ಎಂದ.

ಕೊನೆಯ ಮಾತು ಅವಳದೇ ಅಂದರೆ ಅದೇ ಕಷ್ಟ. ಹೂಂ ಅಂದರೆ ಜೀವನವಿಡೀ ಅಕ್ಕನ ವೇಷ ಹಾಕಿಕೊಂಡು, ತನ್ನನ್ನು ಬೇಡವೆಂದವನ ಮನೆಯಲ್ಲಿ ಬಾಳಬೇಕು. ಒಲ್ಲೆ ಅಂದರೆ ಅವನನ್ನು ಇನ್ನು ನೋಡುವುದೂ ಇಲ್ಲ. ಇಡೀ ಸಂಜೆ ಎರಡನ್ನೂ ನಾಲಿಗೆಯ ಮೇಲೆ ಇಟ್ಟು ನೋಡಿದಳು. ಎರಡೂ ಕಹಿಯೇ.

ಬೆಳಗ್ಗೆ ಎದ್ದವಳು ಲಾಡಿಯನ್ನು ಪರ್ಸಿಗೆ ಹಾಕಿಕೊಂಡಳು. "ಕಳ್ಳಕವಟಗಿಗೆ ಹೋಗಿ ಬರ್ತೀನಿ ಯಪ್ಪಾ. ಅಕ್ಕನ ದಾರಾ ಅವರಿಗೆ ಕೊಟ್ಟ ಬರ್ತೀನಿ. ಆಮ್ಯಾಲ ನನ್ನ ಮಾತು ಹೇಳ್ತೀನಿ."

"ಮಾತು ಮುಗಿಯೂಕಿಂತ ಮೊದಲ ಹುಡುಗಿ ಅವರ ಮನಿಗೆ ಹೋಗೂದ? ಮಂದಿ ಏನಂದಾರು," ಎಂದಳು ಬೋರವ್ವ.

"ಅಕ್ಕನ ಮನಿಗೆ ತಂಗಿ ಹೋದ್ರ ಮಂದಿದೇನು," ಎಂದು ಖಂಡಪ್ಪ ಬಸ್ ಸ್ಟಾಪಿನವರೆಗೆ ಗಾಡಿಯ ಮೇಲೆ ಬಿಟ್ಟುಬಂದ.

* * *

ತಿಕೋಟಾದಲ್ಲಿ ಇಳಿದು ಬೇರೆ ಬಸ್ಸು ಹಿಡಿದಳು. ದಾರಿಯ ಎರಡೂ ಕಡೆ ದ್ರಾಕ್ಷಿ ತೋಟ. ಸುಗ್ಗಿಯ ಕಾಲ, ಟ್ರ್ಯಾಕ್ಟರಿನ ತುಂಬ ಕ್ರೇಟುಗಳು. ಕಿಟಕಿಯಿಂದ ಬರುವ ಗಾಳಿಗೂ ಸಿಹಿ ಅಂಟಿತ್ತು. ಇಷ್ಟು ಸಿಹಿ ಗಾಳಿಗೆ ಕಿಟಕಿ ಮುಚ್ಚಿಕೊಂಡು ಕೂತವಳು ಬಸ್ಸಿನಲ್ಲಿ ಇವಳೊಬ್ಬಳೇ ಇರಬೇಕು.

ಶೆಡ್ಡಿನೊಳಗೆ ಹಸಿರು ಪರದೆಯ ಬೆಳಕು. ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆಗಳ ಮೇಲೆ ದ್ರಾಕ್ಷಿ ಒಣಗುತ್ತಿತ್ತು. ಕೆಳಗೆ ತಾಡಪತ್ರಿಯ ಮೇಲೆ ಭೀಮಾಶಂಕರನ ಆಯಿ ಸಕ್ರವ್ವ ಕೂತು ಕಡ್ಡಿ ಬಿಡಿಸುತ್ತಿದ್ದಳು. ಮೊಮ್ಮಗನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದ ಅಜ್ಜಿ. ಅವಳ ಚಷ್ಮಾ ಗೀತಾಳೇ ಆರಿಸಿ ಕೊಟ್ಟದ್ದು, ಕಳೆಯಬಾರದೆಂದು ಕರಿದಾರವನ್ನೂ ಗೀತಾಳೇ ಕಟ್ಟಿದ್ದು.

"ಬಾ ಬೇ. ಕುಂದ್ರು. ಅಂವ ಕ್ರೇಟ ತರಾಕ ಹೋಗ್ಯಾನ." ಸಕ್ರವ್ವ ಒಂದು ಹಿಡಿ ಒಣದ್ರಾಕ್ಷಿ ಅವಳ ಮಡಿಲಿಗೆ ಹಾಕಿದಳು. "ಏನ್ ತಂದಿ?"

"ಅಕ್ಕನ ಆಟದ ದಾರಾ ಆಯಿ. ಮಾಮಾಗ ಕೊಟ್ಟ ಹೋಗಾಕ ಬಂದೀನಿ."

"ಆ ಲಾಡಿಯೇನು?" ಸಕ್ರವ್ವ ಕಡ್ಡಿ ಬಿಡಿಸುವುದನ್ನು ನಿಲ್ಲಿಸಿದಳು. "ಚಲೋ ಮಾಡಿದಿ ಬಿಡು. ಇನ್ನ ನನ್ನ ಜೀವಾ ಉಳೀತೈತಿ. ನಿಮ್ಮೂರಿಗೆ ಬರೂಕಿಂತ ಮೊದಲ ಈ ಮೂಳ ನನ್ನ ಮುಂದ ಕುಂದರ್ತಾನ. ಆಯಿ, ಕೈ ಹಿಡಿ, ಹಳಿ ಆದಮ್ಯಾಲ ಮಾಳವ್ವ ಕಿರಿಬೆರಳ ಎಲ್ಲಿ ಹಾಕ್ತಿದ್ಲು ಹೇಳು ಅಂತಾನ. ನನಗೇನ ಗೊತ್ತ ಬೇ? ಅದು ಅಕಿ ತವರಮನಿ ಆಟ, ನಮ್ಮದಲ್ಲ. ಗಂಟ ಹಾಕಿ ಹಾಕಿ, ಬಿಚ್ಚಿ ಬಿಚ್ಚಿ, ಹ್ಯಾಂಗೋ ನೆನಪ ಮಾಡ್ಕೊಂಡ ಹೊಂಡತಾನ."

"ನೆನಪ ಮಾಡ್ಕೊಂಡೇನು?"

"ಮತ್ತ? ಮರ್ತಾನಲ್ಲ. ಗೀತಾಗ ಗೊತ್ತಾಗಬಾರದು ಆಯಿ, ಅಕ್ಕನ ಆಟ ಅಂದ್ರ ಅಕಿಗೆ ಜೀವಾ ಅಂತಾನ."

ಗೀತಾಳಿಗೆ ಮೊದಲು ಎದೆ ಹಗುರಾಯಿತು, ಸುಳ್ಳೇಕೆ. ಹಿಂದೆಯೇ ನಾಚಿಕೆ ಬಂತು. ಮರೆತದ್ದು ತನ್ನ ಅಕ್ಕನನ್ನು. ಅದನ್ನು ಕೇಳಿ ಹಗುರಾಗುವುದೆಂದರೇನು. ಸಿಟ್ಟೂ ಬಂತು, ಅಕ್ಕನ ಬೆರಳನ್ನು ಮರೆಯಲು ಇವನಿಗೆ ಎಷ್ಟು ಧೈರ್ಯ ಎಂದು.

ಅಷ್ಟರಲ್ಲಿ ತಲೆಯ ಮೇಲೆ ಕ್ರೇಟು ಹೊತ್ತು ಭೀಮಾಶಂಕರ ಒಳಗೆ ಬಂದ. ಅವಳನ್ನು ಕಂಡು ಅಲ್ಲೇ ನಿಂತ. ಕ್ರೇಟು ಇಳಿಸುವುದನ್ನೂ ಮರೆತ.

"ಕೆಳಗ ಇಡು, ಕುತ್ತಿಗಿ ಮುರದೀತು," ಎಂದಳು ಆಯಿ.

ಗೀತಾ ಲಾಡಿ ತೆಗೆದು ಕೈಗೆ ಸುತ್ತಿದಳು. ಬಹಳ ವರ್ಷಗಳ ನಂತರ ಎಡಗೈ ಮುಂದೆ ಮಾಡಿದಳು. ತೊಟ್ಟಿಲು ಕಟ್ಟಿ ಅವನೆದುರು ಹಿಡಿದಳು.

ಅವನು ಕೈ ಒರೆಸಿಕೊಂಡು ಎದುರಿಗೆ ಕೂತ. ರೂಢಿಯ ಪ್ರಕಾರ ಚಿವುಟಿ ಹಿಡಿದ, ಹೊರಸು ಬಂತು. ಅವಳು ಎಡಗೈಯಿಂದ ತಗೊಂಡಳು, ಹಳಿ ಬಂತು. ಅವನು ಕಿರುಬೆರಳು ಮೇಲೆತ್ತಿ, ಆಯಿಯ ಮುಂದೆ ಕೂತು ಕಲಿತ ಜಾಗಕ್ಕೆ ಹಾಕಿದ. ಆದರೆ ಎಳೆ ಆ ಜಾಗದಲ್ಲಿ ಇರಲಿಲ್ಲ, ಎಲ್ಲ ಅದಲುಬದಲು. ಎಳೆದ. ಎಲ್ಲ ಕೂಡಿ ಗಂಟಾಗಿ ಅವಳ ಮಡಿಲಿಗೆ ಬಿತ್ತು.

"ಇದು ಮಾಳವ್ವನ ಹಂಗ ಇಲ್ಲ," ಎಂದ.

"ಇಲ್ರಿ. ಇದು ನಂದು. ನಾ ಎಡಚಿ. ಅಕ್ಕ ಬೈದ ಬೈದ ಬಿಡಿಸಿದ್ಲು. ನಿಮ್ಮ ಕೂಡ ಇಷ್ಟ ದಿನ ಆಡಿದ್ದು ಅಕ್ಕನ ಕೈ. ನಿಮಗ ಅದ ಬೇಕು ಅಂತ ಆಡಿದೆ."

"ನನಗ ಬೇಕಂತ?" ಅವನು ಗಂಟನ್ನೇ ನೋಡುತ್ತಿದ್ದ. "ನಾ ನಿನಗ ಬೇಕಂತ ಆಡಾಕತ್ತಿದ್ದೆ ಗೀತಾ."

ಇಬ್ಬರೂ ಒಬ್ಬರಿಗಾಗಿ ಒಬ್ಬರು, ಸತ್ತವಳನ್ನು ನಡುವೆ ಕೂರಿಸಿಕೊಂಡು ಆಡಿದ್ದರು. ಇಬ್ಬರಿಗೂ ಬೇಕಾಗಿದ್ದದ್ದು ಎದುರಿಗೆ ಕೂತವರು. ಹೇಳಿದರೆ ನಗು ಬರುತ್ತದೆ, ಆದರೆ ಆ ಹೊತ್ತಿಗೆ ಅಲ್ಲಿ ಯಾರೂ ನಗಲಿಲ್ಲ.

ಭೀಮಾಶಂಕರ ತಲೆ ತಗ್ಗಿಸಿಯೇ ಮಾತಾಡಿದ. "ಒಂದ ದಿನ ನಿಮ್ಮ ಕಟ್ಟಿ ಮ್ಯಾಲ ಕುಂತಾಗ ಮುಂದಿಂದ ನೆನಪ ಬರಲಿಲ್ಲ. ಏನೋ ನೆವಾ ಹೇಳಿ ಎದ್ದ ಬಂದೆ. ಮನಿಗೆ ಬಂದು ಅತ್ತೆ. ಹೆಂಡ್ತಿ ಬೆರಳ ಮರ್ತ ಗಂಡಸು ನಾ. ಮರ್ತದ್ದಷ್ಟ ಅಲ್ಲ. ಜೈನಾಪುರದ ದಾರಿಯುದ್ದಕ್ಕೂ ನಿನ್ನ ಮಾರಿನ ನೆನಸ್ಕೊಂತ ಬರ್ತಿದ್ದೆ. ಅಕ್ಕನ ಹೆಸರ ಹೇಳ್ಕೊಂಡು ತಂಗೀನ ನೋಡಾಕ ಬರ್ತಾನ ಅಂತ ನಿನಗ ಗೊತ್ತಾದ್ರ ನನ್ನ ಮಾರಿಗೆ ಉಗುಳ್ತಿ ಅನಿಸ್ತು. ಹಿರ್ಯಾರ ಒತ್ತಾಯಕ್ಕ ನೀ ಹೂಂ ಅಂದು, ಆಮ್ಯಾಲ ಗೊತ್ತಾದ್ರ? ಅದಕ್ಕ ಒಲ್ಲೆ ಅನ್ನು ಅಂದೆ."

"ಚಷ್ಮಾದಂಗಡ್ಯಾಗ ಎರಡೂ ಒಂದ ಥರಾ ಕಾಣ್ತಾವ ಅಂದ್ರಿ. ಅಕ್ಕನೂ ನಾನೂ ನಿಮಗ ಒಂದ ಅಂತ ನಾ ತಿಳ್ಕೊಂಡೆ."

"ನಾ ಕಣ್ಣ ಮುಚ್ಚಿದ್ದೆ, ನನಗೇನ ಕಾಣ್ತೈತಿ? ನಿನ್ನ ಮಾರಿ ಅಷ್ಟ ಹತ್ತರ ಇತ್ತು. ಕಣ್ಣ ತಗದ್ರ ಏನ ಅಂದಬಿಡ್ತೀನೋ ಅಂತ ಹೆದರಿದ್ದೆ."

ಗೀತಾಳಿಗೆ ಈಗ ನಗುವೂ ಬಂತು, ಕಣ್ಣೀರೂ ಬಂತು. ಮೂಗು ಒರೆಸಿಕೊಂಡಳು. "ಅಕ್ಕನ ಆಟ ಮರ್ತಾರ ಅಂತ ಆಯಿ ಹೇಳಿದಾಗ ನನಗ ಹಗರ ಆತ್ರಿ. ನಾ ಎಂಥಾ ತಂಗಿ."

"ನಾ ಎಂಥಾ ಗಂಡ," ಎಂದ ಅವನು.

ಗಂಟಾದ ಲಾಡಿ ನಡುವೆ ಬಿದ್ದಿತ್ತು. ಅವನು ಅದನ್ನು ಬಿಡಿಸಲು ಕೈ ಹಾಕಿದ, ಇನ್ನೂ ಬಿಗಿಯಾಯಿತು. "ಕತ್ತರಸೂದ ಬ್ಯಾಡ," ಎಂದಳು ಗೀತಾ. "ಕತ್ತರಸಂಗಿಲ್ಲ. ಸಾವಕಾಶ ಬಿಡಸೂನು," ಎಂದ ಅವನು. ಆ ಮಾತಿನಲ್ಲಿ ಇಬ್ಬರೂ ಇದ್ದರು ಎಂದು ಆಡಿದ ಮೇಲೆ ಅವನಿಗೇ ತಿಳಿಯಿತು, ಕಿವಿ ಕೆಂಪಾದವು.

"ಅತ್ತದ್ದ ಸಾಕು, ಮಣೂಕ ತೊಯ್ತಾವ," ಎಂದಳು ಸಕ್ರವ್ವ, ಇಷ್ಟೊತ್ತು ಕಿವುಡಿಯ ಹಾಗೆ ಕಡ್ಡಿ ಬಿಡಿಸುತ್ತಿದ್ದವಳು. "ಏನಂದಿ ಬೇ ನೀ? ಎಡಚಿ ಏನು?"

"ಹೌದ್ರಿ ಆಯಿ."

"ಮೊದಲ ಹೇಳಬಾರದ? ಭೀಮ್ಯಾ, ಅಕಿಗೆ ನಮ್ಮ ದಡ್ಡಿ ಆಟ ತೋರಿಸೋ."

ಸಕ್ರವ್ವ ಸೊಂಟದ ಚೀಲದಿಂದ ಕರಿ ಉಣ್ಣೆಯ ದಾರ ತೆಗೆದಳು. ಅವಳೇ ಕೈಯಾರೆ ಹೊಸೆದ ದಾರ, ಕಂಬಳಿಯ ವಾಸನೆ. ಭೀಮಾಶಂಕರ ನಾಚುತ್ತಲೇ ಹೇಳಿದ. ಕುರಿದಡ್ಡಿಯಲ್ಲಿ, ಅಂದರೆ ಕುರಿ ಕೂಡುವ ಬೇಲಿಯಲ್ಲಿ, ಕಾಯುವವರ ಒಂದು ಕೈಯಲ್ಲಿ ಯಾವಾಗಲೂ ಏನಾದರೂ ಇರುತ್ತದೆ, ಕೋಲೋ, ಆಗತಾನೆ ಹುಟ್ಟಿದ ಮರಿಯೋ. ಆಟಕ್ಕೆ ಉಳಿಯುವುದು ಒಂದೇ ಕೈ. ಹಾಗಾಗಿ ಇಬ್ಬರು ಪಕ್ಕಪಕ್ಕ ಕೂತು ಒಬ್ಬೊಬ್ಬರು ಒಂದೊಂದು ಕೈ ಕೊಡುತ್ತಾರೆ. ಬಲಕ್ಕೆ ಕೂತವನ ಬಲಗೈ, ಎಡಕ್ಕೆ ಕೂತವನ ಎಡಗೈ. ಒಬ್ಬರಿಂದ ಒಬ್ಬರು ತಗೊಳ್ಳುವುದಿಲ್ಲ. ಇಬ್ಬರೂ ಕೊನೆತನಕ ಹಿಡಿದಿರುತ್ತಾರೆ.

"ಎಡಕ್ಕ ಕುಂದ್ರೋರ ಸಿಗೂದ ಕಷ್ಟ," ಎಂದಳು ಸಕ್ರವ್ವ. "ಎಡಗೈ ಓಡಬೇಕಲ್ಲ. ಇವರಜ್ಜ ಒಬ್ಬ ಎಡಚನ ಸಲುವಾಗಿ ಬ್ಯಾರೆ ದಡ್ಡಿಯವರ ಕೂಡ ಜಗಳಾ ತಗದಿದ್ದ."

"ಮಾಳಕ್ಕಗ ಕಲಿಸಲಿಲ್ಲೇನ್ರಿ ಇದನ್ನ?" ಗೀತಾ ಕೇಳಿದಳು. ಕೇಳಲೇಬೇಕಿತ್ತು.

"ಕಲಸಾಕ ಹೋದೆ. ಎಡಗೈ ಓಡಲಿಲ್ಲ ಅಕಿಂದು. ಇದೆಂಥಾ ಕುಂಟ ಆಟ ಅಂತ ನಕ್ಕು ತನ್ನದ ನನಗ ಕಲಿಸಿದ್ಲು." ಹೇಳುವಾಗ ಅವನೂ ನಕ್ಕ. ಮಾಳವ್ವನ ಮಾತಿಗೆ ಅವನು ನಕ್ಕದ್ದನ್ನು ಗೀತಾ ಮೊದಲ ಸಲ ನೋಡಿದಳು, ಹೊಟ್ಟೆಕಿಚ್ಚಾಗಲಿಲ್ಲ. ಅಕ್ಕ ಹಾಗೇ ನಗುತ್ತಿದ್ದಳು, ಖರೆ.

ಅವಳು ಎದ್ದು ಅವನ ಎಡಕ್ಕೆ ಬಂದು ಕೂತಳು. ಎರಡು ಕೈ ಒಬ್ಬರವೇ ಆದ ಹಾಗೆ ಆಡಬೇಕಾದರೆ ಭುಜಕ್ಕೆ ಭುಜ ತಾಗಲೇಬೇಕು. ತಾಗಿತು. ಅವನ ಬಲಗೈಗೆ ದಾರ, ಅವಳ ಎಡಗೈಗೆ ದಾರ. ಅವನು ಹೇಳಿದಂತೆ ಹೆಬ್ಬೆರಳು ಬಗ್ಗಿಸಿದಳು, ನಡುಬೆರಳಿಂದ ಎತ್ತಿದಳು. ಎಷ್ಟೋ ವರ್ಷ ಏಟು ತಿಂದು ಸುಮ್ಮನಿದ್ದ ಕೈ ತಾನೇ ಮುಂದೆ ಓಡಿತು. ನೋಡುನೋಡುತ್ತ ಇಬ್ಬರ ಅಂಗೈ ನಡುವೆ ಕರಿಯ ಎಳೆಗಳು ಸಾಲಾಗಿ ನಿಂತವು, ನಡುವೆ ಒಂದು ಸಣ್ಣ ಬಾಗಿಲು.

"ಇದ ದಡ್ಡಿ," ಎಂದ ಅವನು. "ಈಗ ಅಲುಗಾಡಬ್ಯಾಡ."

ಮುಂಗೂದಲು ಮತ್ತೆ ಅವಳ ಕಣ್ಣಿನ ಮೇಲೆ ಬಿತ್ತು. ಅವಳ ಬಲಗೈ ಖಾಲಿಯೇ ಇತ್ತು, ಸರಿಸಿಕೊಳ್ಳಬಹುದಿತ್ತು. ಸರಿಸಿಕೊಳ್ಳಲಿಲ್ಲ. ಅವನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಖಾಲಿಯಿದ್ದ ಎಡಗೈ ಎತ್ತಿ, ಒಂದು ಬೆರಳಿನಿಂದ ಆ ಕೂದಲನ್ನು ಕಿವಿಯ ಹಿಂದೆ ಇಟ್ಟ.

ಪರ್ಸಿನಲ್ಲಿ ಫೋನು ಬಡಿದುಕೊಂಡಿತು. ಖಂಡಪ್ಪನದು. ಗೀತಾ ಬಲಗೈಯಿಂದ ತೆಗೆದು ಕಿವಿಗಿಟ್ಟಳು.

"ಅವರ ಹಿರ್ಯಾರು ಫೋನ ಹಚ್ಚ್ಯಾರ ಮಗಳ. ನಾಳಿಗೆ ಬರೂನೇನು ಅಂತ ಕೇಳಾಕತ್ತಾರ. ಏನ ಹೇಳ್ಲಿ?"

ಅವಳು ಭೀಮಾಶಂಕರನ ಕಡೆ ನೋಡಿದಳು. ಈ ಸಲ ಅವನು ಕಣ್ಣು ಮುಚ್ಚಲಿಲ್ಲ.

"ಬರ್ಲಿ ಅನ್ನು ಯಪ್ಪಾ." ಫೋನು ಕಿವಿಗೆ ಒತ್ತಿಕೊಂಡಳು. "ಅಕ್ಕನ ಸೀರಿ ಟ್ರಂಕಿನ್ಯಾಗ ಇಡು ಅಂತ ಅವ್ವಗ ಹೇಳು. ನಂದ ನಾ ಉಟ್ಕೊಂತೀನಿ."

ಆ ಕಡೆ ಫೋನು ಕೈ ಬದಲಾದದ್ದು ಕೇಳಿಸಿತು. ಆಮೇಲೆ ಬೋರವ್ವನ ಉಸಿರು, ಅತ್ತು ಭಾರವಾದ ಉಸಿರು. ಬೈಯುತ್ತಾಳೆ ಎಂದುಕೊಂಡು ಗೀತಾ ಕಾದಳು.

"ಯಾವುದು?" ಎಂದಳು ಬೋರವ್ವ ಕೊನೆಗೆ. "ನಿನ್ನ ಹಸರ ಸೀರಿಯೇನು? ಸಂಜಿಕ ಲಗೂನ ಬಾ. ಇಸ್ತ್ರಿ ಮಾಡಸಬೇಕು."

ಗೀತಾ ಹೂಂ ಅಂದು ಫೋನು ಕೆಳಗಿಟ್ಟಳು. ಎಡಗೈ ಎತ್ತಿದಲ್ಲೇ ಇತ್ತು, ಅವನ ಬಲಗೈಯೂ ಹಾಗೇ ಇತ್ತು. ಸಕ್ರವ್ವ ಚಷ್ಮಾ ಮೇಲೆ ಸರಿಸಿ ಇಬ್ಬರನ್ನೂ ನೋಡಿ, ಮತ್ತೆ ಕಡ್ಡಿ ಬಿಡಿಸತೊಡಗಿದಳು.